ಕೆಮಿಕಲ್ ಪ್ಲಾಂಟ್ ಆಪರೇಟರ್ ಕೆಲಸ ಅಂದ್ರೆ ಬಟನ್ ಒತ್ತೋದಷ್ಟೇನಾ?

ಪ್ರಶ್ನೆ: ಸರ್, ನಾನು ಕೆಮಿಸ್ಟ್ರೀಲಿ ಬಿಎಸ್ಸಿ ಮುಗಿಸಿದೀನಿ. ಒಂದು ಕೆಮಿಕಲ್ ಕಂಪನೀಲಿ ಪ್ರೊಡಕ್ಷನ್ ಆಪರೇಟರ್ ಟ್ರೈನಿ ಅಂತ ಆಫರ್ ಬಂದಿದೆ. ರಿಯಾಕ್ಟರ್, ಸೆಂಟ್ರಿಫ್ಯೂಜ್, ಡ್ರೈಯರ್ ಎಲ್ಲಾ ನೋಡ್ಕೋಬೇಕಂತೆ, ಶಿಫ್ಟ್ ಕೆಲಸ. ಮನೇಲಿ ಬ್ಲಾಸ್ಟು ಗ್ಯಾಸ್ ಲೀಕು ಅಂತ ಹೆದರ್ತಿದಾರೆ. ಫ್ರೆಂಡ್ಸ್ ಮಾತ್ರ ಈಗೆಲ್ಲಾ ಕಂಪ್ಯೂಟರೇ ನಡೆಸತ್ತೆ, ನೀನು ಬಟನ್ ಒತ್ಕೊಂಡು ಕೂರೋದಷ್ಟೇ ಅಂತಾರೆ. ನಿಜಕ್ಕೂ ಕೆಲಸ ಏನಿರತ್ತೆ, ಅಪಾಯ ಎಷ್ಟು, ಮೊದಲ ವರ್ಷ ಏನು ಕಲೀಬೇಕು, ಮುಂದೆ ಬೆಳೆಯೋಕೆ ದಾರಿ ಇದ್ಯಾ? ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ನಿಮ್ಮ ಫ್ರೆಂಡ್ಸ್ ಮಾತಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಹೊಸಬರನ್ನ ಕೆಡಿಸೋದು ಮನೆಯವರ ಭಯಕ್ಕಿಂತ ಈ ಮಾತೇ ಜಾಸ್ತಿ. ಬಟನ್ ಇದೆ, ಸುಳ್ಳಲ್ಲ. ಡಿಸಿಎಸ್ (ಇಡೀ ಪ್ಲಾಂಟ್ ನಡೆಸೋ ಕಂಪ್ಯೂಟರ್ ವ್ಯವಸ್ಥೆ) ಸ್ಕ್ರೀನ್ ಮುಂದೆ ಕೂತು ಐದು ಮಹಡಿ ಕೆಳಗಿರೋ ವಾಲ್ವ್ ತೆಗೀಬಹುದು, ಪಂಪ್ ಸ್ಟಾರ್ಟ್ ಮಾಡ್ಬಹುದು. ಆದ್ರೆ ಕಂಪ್ಯೂಟರಿಗೆ ಗೊತ್ತಿರೋದು ಅದರ ಸೆನ್ಸರ್ ಏನು ಹೇಳತ್ತೋ ಅಷ್ಟೇ. ಸೆನ್ಸರ್ ಸುಳ್ಳು ಹೇಳಿದ್ರೆ ಅದು ಅಷ್ಟೇ ನಿಷ್ಠೆಯಿಂದ ತಪ್ಪು ಕೆಲಸ ಮಾಡತ್ತೆ. ಉಕ್ಕಿನ ಪಾತ್ರೆ ಒಳಗೆ ಈಗ ನಿಜವಾಗ್ಲೂ ಏನು ನಡೀತಿದೆ ಅಂತ, ಒಳಗೆ ನೋಡದೇನೇ, ನಾಲ್ಕು ಕಡೆಯಿಂದ ತಾಳೆ ಹಾಕಿ ಕಂಡುಹಿಡಿಯೋದು ಆಪರೇಟರ್ ಕೆಲಸ. ಉಳಿದಿದ್ದೆಲ್ಲಾ ಅದರ ಸುತ್ತ ಬರೋ ಓಡಾಟ.

ಓಡಾಟ ಹೇಗಿರತ್ತೆ ಅಂದ್ರೆ, ಶಿಫ್ಟಿಗೆ ಬಂದ ತಕ್ಷಣ ಹಿಂದಿನವರಿಂದ ಹ್ಯಾಂಡೋವರ್ ತಗೋತೀರಿ, ಒಂದು ರೌಂಡ್ ಹೊಡೀತೀರಿ, ಬ್ಯಾಚ್ ಶೀಟ್ (ಆ ಬ್ಯಾಚಲ್ಲಿ ಯಾವಾಗ ಏನು ಮಾಡ್ಬೇಕು ಅಂತ ಬರೆದಿರೋ ಹಾಳೆ) ಎಲ್ಲಿಗೆ ಬಂದಿದೆ ನೋಡ್ತೀರಿ. ಆಮೇಲೆ ಸಾಲ್ವೆಂಟ್ ಚಾರ್ಜಿಂಗ್, ಪೌಡರ್ ಚಾರ್ಜಿಂಗ್, ಬಿಸಿ ಮಾಡೋದು, ತಣ್ಣಗೆ ಮಾಡೋದು, ಅರ್ಧ ಗಂಟೆಗೊಂದ್ಸಲ ಟೆಂಪರೇಚರ್ ಪ್ರೆಶರ್ ಬರೆಯೋದು, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳ್ಸೋದು, ರಿಸಲ್ಟ್ ಬರೋ ತನಕ ಕಾಯೋದು, ಸೆಂಟ್ರಿಫ್ಯೂಜಿಗೆ ಇಳಿಸೋದು, ವೆಟ್ ಕೇಕ್ (ಒದ್ದೆ ಪೌಡರ್) ತೆಗೆದು ಡ್ರೈಯರಿಗೆ ಹಾಕೋದು, ಮದರ್ ಲಿಕರ್ (ಬೇರೆಯಾಗಿ ಉಳಿದ ದ್ರವ) ಅನ್ನ ಅದರ ಟ್ಯಾಂಕಿಗೆ ಕಳ್ಸೋದು, ಆಮೇಲೆ ಕ್ಲೀನಿಂಗ್. ಕ್ಲೀನಿಂಗ್ ಬಗ್ಗೆ ಯಾರೂ ಇಂಟರ್‌ವ್ಯೂನಲ್ಲಿ ಹೇಳಲ್ಲ, ಆದ್ರೆ ಬ್ಯಾಚ್ ಪ್ಲಾಂಟಿನಲ್ಲಿ ಪ್ರಾಡಕ್ಟ್ ಬದಲಾದಾಗೆಲ್ಲಾ ತೊಳೆಯೋದೇ ಒಂದು ದೊಡ್ಡ ಕೆಲಸ, ಬೇಜಾರೂ ಹೌದು, ಒದ್ದೆಯೂ ಹೌದು. ಮೈ ಬಗ್ಗಿಸೋ ಕೆಲಸ ಬೇಡ ಅನ್ನೋರಿಗೆ ಇದು ಸರಿಹೋಗಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ.

ಈಗ ಆ ತಾಳೆ ಹಾಕೋ ವಿಷಯಕ್ಕೆ ಬರ್ತೀನಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ರಿಫೈನರೀಲಿ ಒಂದು ಡಿಸ್ಟಿಲೇಷನ್ ಟವರ್ ಸ್ಟಾರ್ಟ್ ಮಾಡ್ತಿದ್ರು. ಸುಮಾರು 170 ಅಡಿ ಎತ್ತರದ ಟವರು. ಕೆಳಗಿಂದ ದ್ರವ ಹೊರಗೆ ಹೋಗ್ದೇ ಗಂಟೆಗಟ್ಟಲೆ ಒಳಗೆ ಮಾತ್ರ ಹೋಗ್ತಾನೇ ಇತ್ತು. ಲೆವೆಲ್ ಇಂಡಿಕೇಟರ್ ಇದ್ದಿದ್ದು ಟವರಿನ ತಳದ ಕೆಲವು ಅಡಿ ಅಳೆಯೋಕೆ ಮಾತ್ರ, ಅದು 10 ಅಡಿಗಿಂತ ಕಮ್ಮಿ ತೋರಿಸ್ತಾ ಇತ್ತು, ಅಷ್ಟೇ ಅಲ್ಲ, ಲೆವೆಲ್ ನಿಧಾನಕ್ಕೆ ಇಳೀತಿದೆ ಅಂತಾನೂ ತೋರಿಸ್ತಿತ್ತು. ನಿಜವಾಗಿ ದ್ರವ 158 ಅಡಿ ತನಕ ಏರಿತ್ತು. ಎರಡನೇ ಹೈ ಲೆವೆಲ್ ಅಲಾರಂ ಕೆಲಸ ಮಾಡ್ಲಿಲ್ಲ, ಸೈಟ್ ಗ್ಲಾಸ್ ಕೊಳೆ ಹಿಡಿದು ಏನೂ ಕಾಣ್ತಿರ್ಲಿಲ್ಲ. ಕೊನೆಗೆ ಮೇಲಿಂದ ಉಕ್ಕಿ ವೆಂಟ್ ಸ್ಟ್ಯಾಕ್ ಮೂಲಕ ಹೊರಗೆ ಚೆಲ್ಲಿ ಬೆಂಕಿ ಹತ್ಕೊಂಡು 15 ಜನ ಸತ್ರು, 180 ಜನಕ್ಕೆ ಗಾಯ. ಇಲ್ಲಿ ಆಪರೇಟರ್ ಒಬ್ಬನ ತಲೆ ಮೇಲೆ ಹಾಕೋ ಹಾಗಿಲ್ಲ, ಜನ ಕಮ್ಮಿ, ನಿದ್ದೆ ಇಲ್ದಿರೋ ಡ್ಯೂಟಿ, ಹಳೇ ಡಿಸೈನು, ಕೆಟ್ಟ ಇನ್‌ಸ್ಟ್ರುಮೆಂಟು, ಎಲ್ಲಾ ಸೇರಿದ್ವು. ಆದ್ರೆ ಒಳಗೆ ಹೋಗ್ತಿರೋ ಫ್ಲೋ ಮತ್ತೆ ಹೊರಗೆ ಬರ್ತಿರೋ ಫ್ಲೋ ಒಂದೇ ಸ್ಕ್ರೀನಲ್ಲಿ ಅಕ್ಕಪಕ್ಕ ಇರ್ಲಿಲ್ಲ. ಇದ್ದಿದ್ರೆ ಯಾರಿಗಾದ್ರೂ ತಲೆಗೆ ಹೊಳೀತಿತ್ತು: ಇಷ್ಟು ಒಳಗೆ ಹೋಗಿದೆ, ಏನೂ ಹೊರಗೆ ಬಂದಿಲ್ಲ, ಹಾಗಾದ್ರೆ ಲೆವೆಲ್ ಇಳಿಯೋದು ಹೇಗೆ?

ಈ ಪ್ರಶ್ನೆ ಕೇಳೋ ಅಭ್ಯಾಸಾನೇ ನೀವು ಮೊದಲು ಬೆಳೆಸ್ಕೋಬೇಕಾದ್ದು. ಒಂದು ಟ್ಯಾಂಕಿಂದ 500 ಲೀಟರ್ ಕಳ್ಸಿದೀರಾ, ಇನ್ನೊಂದರಲ್ಲಿ 500 ಏರಿದ್ಯಾ? ಏರಿದ್ದು 420 ಆದ್ರೆ ಉಳಿದ 80 ಎಲ್ಲಿ, ಪೈಪಲ್ಲಾ, ಇನ್ಯಾವುದೋ ವಾಲ್ವ್ ಪಾಸಾಗಿ (ಮುಚ್ಚಿದ್ರೂ ಸೋರಿ) ಪಕ್ಕದ ರಿಯಾಕ್ಟರಿಗೆ ಹೋಯ್ತಾ, ಇಲ್ಲಾ ಲೆವೆಲ್ ಮೀಟರೇ ಸರಿ ಇಲ್ವಾ? ಬಹಳ ಸಲ ಕೊನೇದೇ ಆಗಿರತ್ತೆ, ಆದ್ರೂ ಹಾಗಂತ ಮೊದಲೇ ಅಂದ್ಕೊಂಡು ಬಿಡ್ಬಾರ್ದು. ರಿಯಾಕ್ಟರ್ ಒಳಗಿನ ಟೆಂಪರೇಚರ್ ನೋಡೋವಾಗ ಜಾಕೆಟ್ಟಿಗೆ (ಬಿಸಿ ಮಾಡೋಕೆ ತಣ್ಣಗೆ ಮಾಡೋಕೆ ಇರೋ ಹೊರ ಕವಚ) ಹೋಗೋದು ಬರೋದು ಎರಡೂ ನೋಡಿ, ಅಜಿಟೇಟರ್ (ಒಳಗೆ ಕಲಸೋ ಬ್ಲೇಡು) ಮೋಟರ್ ಎಷ್ಟು ಆ್ಯಂಪ್ಸ್ ಎಳೀತಿದೆ ನೋಡಿ, ವೆಂಟ್ ಕಂಡೆನ್ಸರಿಂದ ಏನಾದ್ರೂ ವಾಪಸ್ ಹರೀತಿದ್ಯಾ ಅಂತ ಸೈಟ್ ಗ್ಲಾಸಲ್ಲಿ ನೋಡಿ. ಆ್ಯಂಪ್ಸ್ ಮೆಲ್ಲಗೆ ಏರ್ತಿದ್ರೆ ಒಳಗೆ ಗಟ್ಟಿಯಾಗ್ತಿದೆ, ಕ್ರಿಸ್ಟಲ್ ಬಿದ್ದಿರ್ಬಹುದು. ಇದ್ದಕ್ಕಿದ್ದ ಹಾಗೆ ಇಳಿದ್ರೆ ಬ್ಲೇಡೇ ಕಳಚಿ ಶಾಫ್ಟ್ ಸುಮ್ನೆ ಸುತ್ತುತ್ತಿರ್ಬಹುದು, ಅಥವಾ ಲೆವೆಲ್ ಬ್ಲೇಡಿಗಿಂತ ಕೆಳಗೆ ಹೋಗಿರ್ಬಹುದು. ಇದು ಯಾವ ಎಸ್‌ಒಪಿನಲ್ಲೂ (ಕೆಲಸ ಹೇಗೆ ಮಾಡ್ಬೇಕು ಅಂತ ಬರೆದಿಟ್ಟ ಕ್ರಮ) ಬರೆದಿರೋದು ಕಮ್ಮಿ.

ಎಕ್ಸೋಥರ್ಮಿಕ್ ರಿಯಾಕ್ಷನ್ (ಶಾಖ ಹೊರಗೆ ಬಿಡೋ ರಿಯಾಕ್ಷನ್) ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಬಿಎಸ್ಸಿ ಮಾಡಿದೋರಿಗೆ ಇದು ಗೊತ್ತು ಅನ್ನೋ ಭಾವನೆ ಇರತ್ತೆ, ಆದ್ರೆ ಲ್ಯಾಬಿನ ಫ್ಲಾಸ್ಕ್ ಬೇರೆ, ಪ್ಲಾಂಟ್ ಬೇರೆ. 1 ಲೀಟರ್ ಫ್ಲಾಸ್ಕಿಗೂ 5000 ಲೀಟರ್ ರಿಯಾಕ್ಟರಿಗೂ ಲೆಕ್ಕ ಹಾಕಿ: ಆಕಾರ ಒಂದೇ ಥರ ಇದ್ರೆ, ಒಂದೊಂದು ಲೀಟರಿನ ಪಾಲಿಗೆ ಸಿಗೋ ಗೋಡೆಯ ಮೇಲ್ಮೈ ದೊಡ್ಡದರಲ್ಲಿ ಸುಮಾರು 17 ಪಟ್ಟು ಕಮ್ಮಿ. ಶಾಖ ಹೊರಗೆ ಹೋಗೋದು ಆ ಗೋಡೆಯಿಂದಾನೇ. ಅದಕ್ಕೇ ಫ್ಲಾಸ್ಕಲ್ಲಿ ಬೆಚ್ಚಗಾಗಿದ್ದು ಅಷ್ಟೇ ಅನ್ನಿಸಿದ ರಿಯಾಕ್ಷನ್ ಇಲ್ಲಿ ಕುದ್ದು ಬರತ್ತೆ. ಇನ್ನೊಂದು, ಒಳಗಿನ ಟೆಂಪರೇಚರ್ ಏರಿದ ಹಾಗೆ ಕೂಲಿಂಗ್ ಹೆಚ್ಚೋದು ನೇರ ಲೆಕ್ಕದಲ್ಲಿ, ಆದ್ರೆ ರಿಯಾಕ್ಷನ್ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಮ್ಮಿ ಡಬಲ್ ಆಗ್ತಾ ಹೋಗತ್ತೆ. 40 ಡಿಗ್ರಿ ಏರಿದ್ರೆ 16 ಪಟ್ಟು. ಒಂದು ಹಂತ ದಾಟಿದ್ ಮೇಲೆ ಬ್ರೈನ್ (ಜಾಕೆಟ್ಟಲ್ಲಿ ಹರಿಯೋ ತಣ್ಣನೆ ಉಪ್ಪುನೀರು) ಫುಲ್ ಬಿಟ್ರೂ ಹಿಡಿಯಕ್ಕಾಗಲ್ಲ.

ಇದು ಪುಸ್ತಕದಲ್ಲೂ ಸಿಗತ್ತೆ. ಸಿಗದೇ ಇರೋದು ಹೇಳ್ತೀನಿ. ಹೊಸ ಆಪರೇಟರ್ ಟೆಂಪರೇಚರ್ ಜಾಸ್ತಿ ಆದ್ರೆ ಹೆದರ್ತಾನೆ, ಕಮ್ಮಿ ಇದ್ರೆ ಖುಷಿ ಪಡ್ತಾನೆ. ನಾನು ಕಮ್ಮಿ ಇದ್ರೆ ಜಾಸ್ತಿ ಹೆದರ್ತೀನಿ. ಉದಾಹರಣೆಗೆ 600 ಲೀಟರ್ ಆ್ಯಸಿಡ್ ಅನ್ನ 6 ಗಂಟೆಯಲ್ಲಿ ಹನಿಹನಿಯಾಗಿ ಸೇರಿಸ್ಬೇಕು, 25ರಿಂದ 30 ಡಿಗ್ರಿ ಒಳಗೆ ಇಟ್ಕೋಬೇಕು ಅಂತ ಬ್ಯಾಚ್ ಶೀಟ್ ಹೇಳತ್ತೆ ಅಂದ್ಕೊಳಿ. ಮೂರು ಗಂಟೆ ಆಯ್ತು, 300 ಲೀಟರ್ ಹೋಗಿದೆ, ಟೆಂಪರೇಚರ್ 18ರಲ್ಲಿ ಆರಾಮಾಗಿ ಕೂತಿದೆ, ಕೂಲಿಂಗ್ ವಾಲ್ವ್ ಹೆಚ್ಚುಕಮ್ಮಿ ಮುಚ್ಚೇ ಇದೆ. ಎಲ್ಲಾ ಚೆನ್ನಾಗಿದೆ ಅನ್ಸತ್ತೆ ಅಲ್ವಾ? 300 ಲೀಟರ್ ರಿಯಾಕ್ಟ್ ಆಗಿದ್ರೆ ಅದರ ಶಾಖ ಎಲ್ಲೋಯ್ತು? ಕೂಲಿಂಗ್ ತಗೊಂಡಿಲ್ಲ, ಒಳಗೆ ಏರಿಲ್ಲ. ಅಂದ್ರೆ ರಿಯಾಕ್ಷನ್ ಶುರುವೇ ಆಗಿಲ್ಲ, 300 ಲೀಟರ್ ಆ್ಯಸಿಡ್ ಒಳಗೆ ಸುಮ್ನೆ ಜಮಾ ಆಗಿ ಕೂತಿದೆ. ಯಾರೋ ಬಂದು ಟೆಂಪರೇಚರ್ ಕಮ್ಮಿ ಇದೆ ಅಂತ ಸ್ವಲ್ಪ ಸ್ಟೀಮ್ ಕೊಟ್ರು ಅಂದ್ರೆ ಮೂರು ಗಂಟೆ ಶಾಖ ಮೂರು ನಿಮಿಷದಲ್ಲಿ ಬರತ್ತೆ. ಅಂಥಾ ಟೈಮಲ್ಲಿ ಮಾಡ್ಬೇಕಾದ್ದು ಒಂದೇ, ಅಡಿಷನ್ ನಿಲ್ಲಿಸಿ, ಶಿಫ್ಟ್ ಇನ್‌ಚಾರ್ಜಿಗೆ ಫೋನ್ ಮಾಡಿ, ಬಿಸಿ ಮಾಡಕ್ಕೆ ಹೋಗ್ಬೇಡಿ.

ಅಜಿಟೇಟರ್ ಟ್ರಿಪ್ ಆದ್ರೂ ಇದೇ ಕಥೆ. ಕರೆಂಟ್ ಹೋಗಿ ಬರತ್ತೆ, ಆಪರೇಟರ್ ಅವಸರದಲ್ಲಿ ಮೊದಲು ಅಜಿಟೇಟರ್ ಆನ್ ಮಾಡ್ತಾನೆ. ನಿಂತಿದ್ದಾಗ ಭಾರದ ದ್ರವ ಕೆಳಗೆ, ಹಗುರದ್ದು ಮೇಲೆ ಅಂತ ಪದರ ಆಗಿರತ್ತೆ, ಅಡಿಷನ್ ವಾಲ್ವ್ ತೆರೆದೇ ಇದ್ರೆ ಇನ್ನೂ ಸೇರಿರತ್ತೆ, ಒಂದೇ ಸಲ ಕಲಸಿದ್ರೆ ಎಲ್ಲಾ ಒಟ್ಟಿಗೆ ರಿಯಾಕ್ಟ್ ಆಗತ್ತೆ. ಹಾಗಾಗಿ ಅಜಿಟೇಟರ್ ನಿಂತ ತಕ್ಷಣ ಮೊದಲ ಕೈ ಅಡಿಷನ್ ವಾಲ್ವ್ ಮೇಲೆ, ಎರಡನೇದು ಫೋನ್ ಮೇಲೆ. ಮತ್ತೆ ಯಾವಾಗ ಆನ್ ಮಾಡ್ಬೇಕು ಅನ್ನೋದನ್ನ ಆ ರಿಯಾಕ್ಷನ್ ಗೊತ್ತಿರೋರು ಹೇಳ್ಬೇಕು. ಕೂಲಿಂಗ್ ಹೋದ್ರೆ ಏನಾಗತ್ತೆ ಅನ್ನೋದಕ್ಕೆ ಫ್ಲೋರಿಡಾದ ಜಾಕ್ಸನ್‌ವಿಲ್‌ನ ಟಿ2 ಲ್ಯಾಬೊರೇಟರೀಸ್ ನೋಡಿ, 2007ರ ಡಿಸೆಂಬರ್ 19. ಸೋಡಿಯಂ ಮೆಟಲ್ ಬಳಸೋ ಬ್ಯಾಚು, ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಬ್ಯಾಚ್ ಅದೇ ರಿಯಾಕ್ಟರಲ್ಲಿ ಮಾಡಿದ್ರು. ಕೂಲಿಂಗ್ ನೀರಿಗೆ ಬ್ಯಾಕಪ್ ಇರ್ಲಿಲ್ಲ. ಆ ದಿನ ಕೂಲಿಂಗ್ ಸಿಗ್ಲಿಲ್ಲ, ರಿಯಾಕ್ಟರ್ ಸಿಡಿದು 4 ಜನ ಹೋದ್ರು. ಇಷ್ಟು ಬ್ಯಾಚ್ ಮಾಡಿದೀವಿ ಏನೂ ಆಗಿಲ್ಲ ಅನ್ನೋ ಮಾತು ಪ್ಲಾಂಟಲ್ಲಿ ದಿನಾ ಕೇಳ್ತೀರಿ, ಆಗ ಇದನ್ನ ನೆನಪಿಸ್ಕೊಳಿ.

ಇನ್ನು ತಪ್ಪು ವಾಲ್ವ್. ಇದು ದಡ್ಡರು ಮಾಡೋ ಕೆಲಸ ಅಂತ ಹೊಸಬರು ಅಂದ್ಕೋತಾರೆ, ಖಂಡಿತ ಅಲ್ಲ. 2004ರ ಏಪ್ರಿಲ್ 23ರಂದು ಇಲಿನಾಯ್ ರಾಜ್ಯದ ಇಲಿಯೊಪೊಲಿಸ್‌ನಲ್ಲಿ ಫಾರ್ಮೋಸಾ ಪ್ಲಾಸ್ಟಿಕ್ಸ್ ಪಿವಿಸಿ ಪ್ಲಾಂಟಲ್ಲಿ ಒಬ್ಬ ಆಪರೇಟರ್ ಒಂದು ರಿಯಾಕ್ಟರ್ ತೊಳೀತಿದ್ದ. ಮೇಲಿನ ಮಹಡಿಯಿಂದ ತೊಳೆದು, ಕೆಳಗೆ ಇಳಿದು ಬಾಟಮ್ ವಾಲ್ವ್ ತೆಗೆದು ನೀರು ಬಿಡ್ಬೇಕು. ಒಂದೇ ಥರದ ರಿಯಾಕ್ಟರುಗಳ ಗುಂಪು, ಗುಂಪೂ ಗುಂಪೂ ಒಂದೇ ಥರ. ತನಿಖೆ ಮಾಡಿದೋರ ಪ್ರಕಾರ ಅವನು ಮೆಟ್ಟಿಲಿಳಿದು ತಪ್ಪು ಕಡೆಗೆ ತಿರುಗಿ, ರಿಯಾಕ್ಷನ್ ನಡೀತಿದ್ದ ಬೇರೆ ರಿಯಾಕ್ಟರ್ ಹತ್ರ ಹೋಗಿರ್ಬೇಕು. ಅದರ ವಾಲ್ವ್ ತೆರ್ಕೊಳ್ಲಿಲ್ಲ, ಯಾಕಂದ್ರೆ ಒಳಗೆ ಪ್ರೆಶರ್ ಇದ್ರೆ ತೆಗೀಬಾರ್ದು ಅಂತ ತಾನಾಗೇ ತಡೆಯೋ ಇಂಟರ್‌ಲಾಕ್ ಇತ್ತು. ವಾಲ್ವ್ ಕೆಟ್ಟಿದೆ ಅಂದ್ಕೊಂಡು, ಎಮರ್ಜೆನ್ಸಿಗೆ ಅಂತ ಇಟ್ಟಿದ್ದ ಏರ್ ಹೋಸ್ ಸಿಗಿಸಿ ಇಂಟರ್‌ಲಾಕ್ ಬೈಪಾಸ್ ಮಾಡಿ ತೆಗೆದ ಅನ್ನೋದು ತನಿಖೆಯ ತೀರ್ಮಾನ. ವಿನೈಲ್ ಕ್ಲೋರೈಡ್ ಹೊರಗೆ ನುಗ್ಗಿ ಸ್ಫೋಟ ಆಗಿ 5 ಜನ ಸತ್ರು. ಆ ಕೆಳಗಿನ ಮಹಡೀಲಿ ಯಾವ ರಿಯಾಕ್ಟರಲ್ಲಿ ಏನಿದೆ ಅಂತ ಹೇಳೋ ಒಂದು ಲೈಟೂ ಇರ್ಲಿಲ್ಲ.

ಇದರಿಂದ ಎರಡು ವಿಷಯ ಇಟ್ಕೊಳಿ. ವಾಲ್ವ್ ತೆಗೀತಿಲ್ಲ, ಪಂಪ್ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಕೆಟ್ಟಿದೆ ಅಂತ ಅಂದ್ಕೊಳ್ಳೋ ಮುಂಚೆ, ಇದು ನನ್ನನ್ನ ಯಾಕೆ ತಡೀತಿದೆ ಅಂತ ಕೇಳಿ. ಎರಡನೇದು, ಟ್ಯಾಗ್ ನಂಬರನ್ನ ಬಾಯಿಬಿಟ್ಟು ಓದಿ, ಪ್ಯಾನಲಲ್ಲಿರೋರಿಗೆ (ಕಂಟ್ರೋಲ್ ರೂಮಿನವರಿಗೆ) ವಾಕಿಟಾಕೀಲಿ ಹೇಳಿ, ಅವರು ವಾಪಸ್ ಹೇಳಿದ್ಮೇಲೆ ಕೈ ಹಾಕಿ. ಮೊದಮೊದಲು ನಾಚಿಕೆ ಆಗತ್ತೆ, ಸೀನಿಯರ್ಸ್ ನಗ್ತಾರೆ ಕೂಡ, ನಗಲಿ ಬಿಡಿ. ಟ್ಯಾಂಕರ್ ಅನ್‌ಲೋಡಿಂಗಲ್ಲಂತೂ ಇದು ಬಿಡಲೇಬಾರ್ದು. 2016ರ ಅಕ್ಟೋಬರ್ 21ರಂದು ಕಾನ್ಸಾಸ್‌ನ ಆ್ಯಚಿಸನ್ ಊರಲ್ಲಿ ಸಲ್ಫ್ಯೂರಿಕ್ ಆ್ಯಸಿಡ್ ತಂದ ಟ್ಯಾಂಕರ್ ಹೋಸನ್ನ ಸೋಡಿಯಂ ಹೈಪೋಕ್ಲೋರೈಟ್ ಟ್ಯಾಂಕಿನ ಲೈನಿಗೆ ಸಿಗಿಸ್ಬಿಟ್ರು, ಎರಡೂ ಫಿಲ್ ಪೈಪ್ ಮಧ್ಯೆ ಒಂದೂವರೆ ಅಡಿ ಅಂತರ, ನೋಡಕ್ಕೂ ಒಂದೇ ಥರ. ಕ್ಲೋರಿನ್ ಮೋಡ ಎದ್ದು ಊರಿನವರು ಸೇರಿ 140ಕ್ಕೂ ಹೆಚ್ಚು ಜನ ಆಸ್ಪತ್ರೆ ಕಡೆ ಓಡಿದ್ರು. ಡ್ರೈವರಿಗೆ ನಿಮ್ಮ ಪ್ಲಾಂಟ್ ಗೊತ್ತಿರಲ್ಲ. ಹೋಸ್ ಸಿಗಿಸೋವಾಗ ನೀವು ಅಲ್ಲೇ ನಿಂತು ನೋಡ್ಬೇಕು, ಬೀಗ ತೆಗೆದುಕೊಟ್ಟು ಕ್ಯಾಬಿನಿಗೆ ವಾಪಸ್ ಬರೋದಲ್ಲ.

ಮನೆಯವರು ಹೇಳೋ ಬ್ಲಾಸ್ಟ್ ಅಪರೂಪ. ಪ್ಲಾಂಟಲ್ಲಿ ಜನಕ್ಕೆ ಪೆಟ್ಟಾಗೋದು ಬಹುತೇಕ ಚಿಕ್ಕ ಕೆಲಸಗಳಲ್ಲಿ. ಫ್ಲ್ಯಾಂಜ್ ಬಿಚ್ಚೋವಾಗ ಲೈನಲ್ಲಿ ಉಳಿದಿದ್ದ ಆ್ಯಸಿಡ್ ಮುಖಕ್ಕೆ ಹಾರೋದು, ಸ್ಯಾಂಪಲ್ ತೆಗೆಯೋವಾಗ ಕನ್ನಡಕ ಹಣೆ ಮೇಲೆ ಏರಿಸ್ಕೊಂಡಿರೋದು, ಸ್ಟೀಮ್ ಹೋಸ್ ಕಿತ್ಕೊಳ್ಳೋದು, ಒದ್ದೆ ನೆಲದಲ್ಲಿ ಜಾರೋದು. ಲೈನ್ ಖಾಲಿ ಇದೆ ಅಂತ ಯಾರು ಹೇಳಿದ್ರೂ, ಬಿಚ್ಚೋವಾಗ ತುಂಬಿದೆ ಅಂತಾನೇ ಬಿಚ್ಚಿ: ನಿಮ್ಮಿಂದ ದೂರ ಇರೋ ಕಡೆಯ ಬೋಲ್ಟ್ ಮೊದಲು ಸಡಿಲ ಮಾಡಿ, ಮುಖ ಪಕ್ಕಕ್ಕೆ, ಫೇಸ್ ಶೀಲ್ಡ್ ಕೆಳಗೆ. ಕಣ್ಣಿಗೆ ಏನಾದ್ರೂ ಬಿದ್ರೆ ಐ ವಾಶ್‌ನಲ್ಲಿ ಕಮ್ಮಿ ಅಂದ್ರೂ 15 ನಿಮಿಷ ತೊಳೀಬೇಕು, ಎರಡು ನಿಮಿಷಕ್ಕೆ ಉರಿ ಕಮ್ಮಿ ಆಯ್ತು ಅಂತ ಬರೋ ಹಾಗಿಲ್ಲ, ಅದ್ರಲ್ಲೂ ಕಾಸ್ಟಿಕ್ ಆದ್ರೆ ಉರಿ ಕಮ್ಮಿ ಆದ್ಮೇಲೂ ಒಳಗೆ ಇಳೀತಾನೇ ಇರತ್ತೆ.

ಸಾಲ್ವೆಂಟ್ ಇರೋ ರಿಯಾಕ್ಟರಿಗೆ ಮ್ಯಾನ್‌ಹೋಲಿಂದ ಪೌಡರ್ ಸುರಿಯೋದು ನನಗೆ ಇವತ್ತಿಗೂ ಇಷ್ಟ ಇಲ್ಲದ ಕೆಲಸ. ಟಾಲ್ವೀನ್ ಅನ್ನೋ ಸಾಲ್ವೆಂಟಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಗುಲಿದ್ರೆ ಹೊತ್ಕೊಳ್ಳೋವಷ್ಟು ಆವಿ ಏಳೋ ಟೆಂಪರೇಚರ್) 4 ಡಿಗ್ರಿ ಆಸುಪಾಸು, ಅಂದ್ರೆ ರೂಮ್ ಟೆಂಪರೇಚರಲ್ಲಿ ಅದರ ಮೇಲಿರೋ ಆವಿ ಹೊತ್ಕೊಳ್ಳೋಕೆ ರೆಡಿಯಾಗಿ ಕೂತಿರತ್ತೆ. ಪ್ಲಾಸ್ಟಿಕ್ ಚೀಲದಿಂದ ಪೌಡರ್ ಜಾರಿದ್ರೆ ಸ್ಟ್ಯಾಟಿಕ್ ಹುಟ್ಟತ್ತೆ, ಒಂದು ಕಿಡಿ ಸಾಕು. ನೈಟ್ರೋಜನ್ ಬ್ಲ್ಯಾಂಕೆಟಿಂಗ್ (ಗಾಳಿ ಬದಲು ನೈಟ್ರೋಜನ್ ತುಂಬಿಡೋದು) ಇದ್ರೂ ಮ್ಯಾನ್‌ಹೋಲ್ ತೆಗೆದ ತಕ್ಷಣ ಗಾಳಿ ಒಳಗೆ ಹೋಗತ್ತೆ. ಆದಷ್ಟು ಪೌಡರ್ ಮೊದಲು ಸಾಲ್ವೆಂಟ್ ಆಮೇಲೆ, ಅಥವಾ ಮುಚ್ಚಿದ ಪೌಡರ್ ಟ್ರಾನ್ಸ್‌ಫರ್ ಸಿಸ್ಟಮ್, ಇದನ್ನ ನೀವು ತೀರ್ಮಾನಿಸಕ್ಕಾಗಲ್ಲ, ಬ್ಯಾಚ್ ಶೀಟ್ ಬರೆಯೋರು ಮಾಡ್ಬೇಕು, ಆದ್ರೆ ಕೇಳ್ಬಹುದು. ನಿಮ್ಮ ಕೈಯಲ್ಲಿರೋದು ಅರ್ಥಿಂಗ್ ಕ್ಲಿಪ್. ಅದನ್ನ ಡ್ರಮ್ಮಿನ ಪೇಂಟ್ ಮೇಲೆ ಕಚ್ಚಿಸಿದ್ರೆ ಪ್ರಯೋಜನ ಇಲ್ಲ, ಬರೀ ಲೋಹಕ್ಕೆ ಹಲ್ಲು ನಾಟ್ಬೇಕು.

ನೈಟ್ರೋಜನ್ ಅಂದಾಗ ಇನ್ನೊಂದು. ಗಾಳೀಲಿ 78 ಪರ್ಸೆಂಟ್ ಅದೇ ಇರೋದ್ರಿಂದ ಯಾರಿಗೂ ಅದರ ಭಯ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಲ್ಲ, ಉಸಿರು ಕಟ್ಟಿದ ಹಾಗೂ ಆಗಲ್ಲ. ನೈಟ್ರೋಜನ್ ತುಂಬಿದ ಪಾತ್ರೆ ಒಳಗೆ ತಲೆ ಹಾಕಿ ಒಂದೆರಡು ಸಲ ಉಸಿರೆಳೆದ್ರೆ ಎಚ್ಚರ ತಪ್ಪತ್ತೆ, ಅಷ್ಟೇ. ಆಕ್ಸಿಜನ್ 19.5 ಪರ್ಸೆಂಟಿಗಿಂತ ಕೆಳಗಿದ್ರೆ ಒಳಗೆ ಹೋಗೋ ಹಾಗಿಲ್ಲ, ಮೀಟರಲ್ಲಿ ನೋಡ್ಬೇಕು, ಮೇಲೆ ಮಧ್ಯೆ ಕೆಳಗೆ ಮೂರೂ ಕಡೆ ನೋಡ್ಬೇಕು. ಪರ್ಮಿಟ್, ಹೊರಗೆ ಕಾಯೋಕೆ ಒಬ್ಬ, ಪೈಪುಗಳಿಗೆ ಬ್ಲೈಂಡ್ (ಅಡ್ಡ ಹಾಕೋ ಲೋಹದ ತಟ್ಟೆ), ಅಜಿಟೇಟರ್ ಮೋಟರಿಗೆ ಲಾಕು, ಇದರಲ್ಲಿ ಒಂದು ಇಲ್ದಿದ್ರೂ ಬೇಡ. ಒಳಗೆ ಯಾರಾದ್ರೂ ಬಿದ್ದಿದ್ದು ಕಂಡ್ರೆ ಹಾಗೇ ಹಾರ್ಬೇಡಿ, ಅಲಾರಂ ಹೊಡೀರಿ. ಕಾಪಾಡಕ್ಕೆ ಅಂತ ಹಿಂದೇನೇ ಇಳಿದು ಎರಡನೇಯವನು ಮೂರನೇಯವನು ಸಾಯೋದು ಈ ಥರ ಕೇಸಲ್ಲಿ ಮತ್ತೆ ಮತ್ತೆ ಆಗಿದೆ. ಕಾರ್ಟ್ರಿಜ್ ಮಾಸ್ಕ್ ಗಾಳೀನ ಸೋಸತ್ತೆ, ಆಕ್ಸಿಜನ್ ಕೊಡಲ್ಲ. ಹೈಡ್ರೋಜನ್ ಸಲ್ಫೈಡ್ ಇರೋ ಕಡೆ ಮೂಗನ್ನೂ ನಂಬೋ ಹಾಗಿಲ್ಲ, ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ, 100 ಪಿಪಿಎಂ ಹತ್ರ ಹೋದ್ರೆ ಮೂಗೇ ಸತ್ತು ವಾಸನೆ ಹೋಯ್ತು ಅನ್ಸತ್ತೆ.

ಹ್ಯಾಂಡೋವರ್ ಬಗ್ಗೆ. ಭೋಪಾಲ್ ವಿಷಯ ಎಲ್ರಿಗೂ ಗೊತ್ತು, 1984ರ ಡಿಸೆಂಬರ್ 2ರ ರಾತ್ರಿ ಎಂಐಸಿ (ಮೀಥೈಲ್ ಐಸೋಸಯನೇಟ್ ಅನ್ನೋ ವಿಷ) ಟ್ಯಾಂಕಿಗೆ ನೀರು ಹೋಗಿದ್ದು, ಟ್ಯಾಂಕಿನ ರೆಫ್ರಿಜರೇಷನ್ ತಿಂಗಳುಗಳಿಂದ ಆಫ್ ಇದ್ದಿದ್ದು, ಫ್ಲೇರ್ (ಹೊರ ಹೋಗೋ ಗ್ಯಾಸ್ ಸುಡೋ ಚಿಮಣಿ) ಲೈನ್ ರಿಪೇರಿಗೆ ಬಿಚ್ಚಿಟ್ಟಿದ್ದು. ಆಪರೇಟರ್ ಕಣ್ಣಲ್ಲಿ ನೋಡಿದ್ರೆ ಮುಖ್ಯವಾದ, ಆದ್ರೆ ಜನ ಕಮ್ಮಿ ಹೇಳೋ ವಿಷಯ ಇದು: ರಾತ್ರಿ ಶಿಫ್ಟ್ ಬದಲಾಗೋ ಮುಂಚೆ ಆ ಟ್ಯಾಂಕಿನ ಪ್ರೆಶರ್ 2 ಪಿಎಸ್ಐ, ಬದಲಾದ ಮೇಲೆ 10 ಪಿಎಸ್ಐ. 10 ಅನ್ನೋದು ಟ್ಯಾಂಕಿನ ಮಾಮೂಲಿ ಮಿತಿ ಒಳಗೇ ಇತ್ತು, ಹಾಗಾಗಿ ಹೊಸದಾಗಿ ಬಂದವರಿಗೆ ಅದು ವಿಚಿತ್ರ ಅನ್ನಿಸ್ಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ 2 ಇತ್ತು ಅಂತ ಗೊತ್ತಿದ್ರೆ ಅದೇ 10 ಬೇರೆ ಥರ ಕಾಣತ್ತೆ. ಅದಕ್ಕೇ ಹ್ಯಾಂಡೋವರಲ್ಲಿ ಈಗ ಎಷ್ಟಿದೆ ಅಂತ ಮಾತ್ರ ಕೇಳ್ಬೇಡಿ, ಎರಡು ಗಂಟೆ ಹಿಂದೆ ಎಷ್ಟಿತ್ತು, ಏನು ಬದಲಾಯ್ಸಿದ್ರಿ, ಯಾವ ಇಂಟರ್‌ಲಾಕ್ ಬೈಪಾಸಲ್ಲಿದೆ, ಯಾವ ಪರ್ಮಿಟ್ ಓಪನ್ ಇದೆ, ಯಾವ ಮೀಟರ್ ಮೇಲೆ ಡೌಟಿದೆ ಅಂತ ಕೇಳಿ. ಆಮೇಲೆ ಟ್ರೆಂಡ್ ಸ್ಕ್ರೀನ್ ತೆಗೆದು ಹಿಂದಿನ ಶಿಫ್ಟಿನ ಗೆರೆ ನೀವೇ ನೋಡಿ. ಸಂಖ್ಯೆಗಿಂತ ಗೆರೆ ಯಾವ ಕಡೆ ಹೊರಟಿದೆ ಅನ್ನೋದು ಮುಖ್ಯ. ಲಾಗ್‌ಬುಕ್ಕಲ್ಲಿ ರೀಡಿಂಗ್ ನೋಡ್ದೇ ಹಿಂದಿನ ಸಾಲು ನೋಡ್ಕೊಂಡು ಒಂದೇ ಥರ ತುಂಬೋ ಕೆಟ್ಟ ಅಭ್ಯಾಸ ಬಹಳ ಕಡೆ ಇದೆ, ಬೇರೆಯವರು ಏನೇ ಮಾಡ್ಲಿ, ನೀವು ಬೇಡ.

ರಾತ್ರಿ ಪಾಳಿ ಕಷ್ಟಾನೇ, ಸಿಹಿ ಹಚ್ಚಿ ಹೇಳಲ್ಲ. ಬೆಳಗಿನ ಜಾವ ಮೂರರಿಂದ ಐದು ತಲೆ ಓಡಲ್ಲ, ಎಷ್ಟೇ ಅನುಭವ ಇರ್ಲಿ. ಗೊಂದಲದ ಕೆಲಸ ಆ ಹೊತ್ತಿಗೆ ಬೀಳದ ಹಾಗೆ ಶಿಫ್ಟ್ ಶುರುವಲ್ಲೇ ಪ್ಲಾನ್ ಮಾಡ್ಕೊಳಿ, ಆ ಹೊತ್ತಲ್ಲಿ ಕೂರೋ ಬದಲು ರೌಂಡ್ ಹೋಗಿ.

ಮೊದಲ ವರ್ಷ ಏನು ಕಲೀಬೇಕು ಅಂದ್ರಿ. ಲೈನ್ ಟ್ರೇಸಿಂಗ್, ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಪಿ ಅಂಡ್ ಐಡಿ ಡ್ರಾಯಿಂಗ್ (ಪೈಪು, ವಾಲ್ವು, ಮೀಟರುಗಳ ನಕ್ಷೆ) ಪ್ರಿಂಟ್ ತಗೊಂಡು, ಒಂದು ಪೈಪ್ ಟ್ಯಾಂಕಿಂದ ಹೊರಟು ಎಲ್ಲಿ ಮುಗಿಯತ್ತೆ ಅಂತ ಕಾಲಲ್ಲಿ ನಡೆದು ನೋಡಿ, ಪ್ರತಿ ವಾಲ್ವ್, ಡ್ರೈನ್, ವೆಂಟ್ ಗುರುತು ಹಾಕಿ. ಡ್ರಾಯಿಂಗಲ್ಲಿ ಇಲ್ಲದ ಪೈಪು ಖಂಡಿತ ಸಿಗತ್ತೆ, ಅದನ್ನ ಇನ್‌ಚಾರ್ಜಿಗೆ ತೋರಿಸಿ, ಅವರಿಗೆ ನಿಮ್ಮ ಹೆಸರು ನೆನಪಿರತ್ತೆ. ನೀವು ಮುಟ್ಟೋ ಪ್ರತಿ ಕೆಮಿಕಲ್ಲಿನ ಸೇಫ್ಟಿ ಡೇಟಾ ಶೀಟ್ ಓದಿ. 16 ಸೆಕ್ಷನ್ ಇರತ್ತೆ, ಎಲ್ಲಾ ಬಾಯಿಪಾಠ ಬೇಡ, 4ರಲ್ಲಿ ಫಸ್ಟ್ ಏಡ್, 8ರಲ್ಲಿ ಯಾವ ಗ್ಲೌಸ್ ಯಾವ ಮಾಸ್ಕ್, 9ರಲ್ಲಿ ಫ್ಲ್ಯಾಶ್ ಪಾಯಿಂಟ್ ಕುದಿಯೋ ಬಿಂದು, 10ರಲ್ಲಿ ಯಾವುದರ ಜೊತೆ ಸೇರ್ಬಾರ್ದು, ಇಷ್ಟು ನಾಲಿಗೆ ತುದೀಲಿರ್ಲಿ.

ಯೂನಿಟ್ ಗೊಂದಲ ಹೊಸಬರನ್ನ ಬಹಳ ಕಾಡತ್ತೆ. 700 ಎಂಎಂ ವ್ಯಾಕ್ಯೂಮ್ ಅಂದ್ರೆ ಒಳಗೆ ಉಳಿದಿರೋದು ಬರೀ 60 ಎಂಎಂ ಅಷ್ಟು, 700 ಎಂಎಂ ಆ್ಯಬ್ಸಲ್ಯೂಟ್ ಅಂದ್ರೆ ವ್ಯಾಕ್ಯೂಮೇ ಬಂದಿಲ್ಲ ಅಂತ. ಬ್ಯಾಚ್ ಶೀಟಲ್ಲಿ ಯಾವುದು ಬರೆದಿದೆ ನೋಡಿ. ಪಂಪಲ್ಲೂ ಹಾಗೇ, ಸೆಂಟ್ರಿಫ್ಯೂಗಲ್ ಪಂಪನ್ನ ಡಿಸ್ಚಾರ್ಜ್ ಮುಚ್ಚಿ ಸ್ಟಾರ್ಟ್ ಮಾಡಿ ಮೆಲ್ಲಗೆ ತೆಗೀಬಹುದು, ಗೇರ್ ಪಂಪ್ ಅಥವಾ ಡೋಸಿಂಗ್ ಪಂಪಲ್ಲಿ ಅದೇ ಮಾಡಿದ್ರೆ ರಿಲೀಫ್ ವಾಲ್ವ್ ಹಾರತ್ತೆ, ಅದೂ ಇಲ್ದಿದ್ರೆ ಏನೋ ಒಂದು ಒಡೆಯತ್ತೆ. ಗ್ಲಾಸ್ ಲೈನ್ಡ್ ರಿಯಾಕ್ಟರ್ ಇದ್ರೆ ಬಿಸಿ ಜಾಕೆಟ್ಟಿಗೆ ಇದ್ದಕ್ಕಿದ್ದ ಹಾಗೆ ಬ್ರೈನ್ ಬಿಡ್ಬೇಡಿ, ಒಳಗೆ ಸ್ಪ್ಯಾನರ್ ಬೀಳಿಸ್ಬೇಡಿ, ಬಿದ್ರೆ ಮುಚ್ಚಿಡ್ಬೇಡಿ. ಗಾಜಿನ ಪದರದಲ್ಲಿ ಒಂದು ಚಿಕ್ಕ ಬಿರುಕು ಸಾಕು, ಆ್ಯಸಿಡ್ ಆ ತೂತಲ್ಲಿ ಉಕ್ಕನ್ನ ತಿಂದು ಜಾಕೆಟ್ ತನಕ ಹೋಗತ್ತೆ.

ಬೆಳವಣಿಗೆ ಇದೆ. ಸಾಮಾನ್ಯವಾಗಿ ಫೀಲ್ಡ್ ಆಪರೇಟರ್, ಆಮೇಲೆ ಪ್ಯಾನಲ್, ಆಮೇಲೆ ಶಿಫ್ಟ್ ಇನ್‌ಚಾರ್ಜ್, ಅಲ್ಲಿಂದ ಪ್ರೊಡಕ್ಷನ್ ಪ್ಲಾನಿಂಗ್, ಪ್ರೊಸೆಸ್ ಸೇಫ್ಟಿ, ಹೊಸ ಪ್ಲಾಂಟ್ ಕಮಿಷನಿಂಗ್, ಟ್ರೈನಿಂಗ್ ಕಡೆ ಕವಲೊಡೆಯತ್ತೆ. ಫೀಲ್ಡಲ್ಲಿ ಸಾಕಷ್ಟು ಸುತ್ತದೇ ಪ್ಯಾನಲ್ ಕುರ್ಚಿಗೆ ಹಾರ್ಬೇಡಿ, ಎಸಿ ರೂಮ್ ಆಸೆಗೆ ಹೋದೋರು ಸ್ಕ್ರೀನಲ್ಲಿ ಹಸಿರು ಬಣ್ಣ ನೋಡಿ ವಾಲ್ವ್ ತೆಗೆದಿದೆ ಅಂತ ನಂಬ್ತಾರೆ, ಸ್ಥಳದಲ್ಲಿ ಹ್ಯಾಂಡಲ್ ಕಚ್ಕೊಂಡು ಅರ್ಧಕ್ಕೇ ನಿಂತಿರತ್ತೆ. ನಿಮ್ಮ ಬಿಎಸ್ಸಿಗೆ ಬೆಲೆ ಬರೋದು ನೀವು "ಯಾಕೆ" ಅಂತ ಕೇಳಿದಾಗ. ಪಿಎಚ್ ಯಾಕೆ 7ಕ್ಕೆ ತರ್ತಾರೆ, ನೀರಿನಂಶ ಯಾಕೆ ನೋಡ್ತಾರೆ, ಈ ವಾಶ್ ಯಾಕೆ ಎರಡು ಸಲ ಅಂತ ಗೊತ್ತಿರೋ ಆಪರೇಟರ್ ಬ್ಯಾಚ್ ಕೆಟ್ಟಾಗ ಮೀಟಿಂಗಲ್ಲಿ ಮಾತಾಡ್ಬಹುದು, ಹ್ಯಾಝಾಪ್ (ಎಲ್ಲೆಲ್ಲಿ ಏನು ತಪ್ಪಾಗ್ಬಹುದು ಅಂತ ಹುಡುಕೋ) ಮೀಟಿಂಗಿಗೆ ಕರೀತಾರೆ. ಕರೆದ್ರೆ ಖಂಡಿತ ಹೋಗಿ.

ಸೇರೋ ಮುಂಚೆ ಸಾಧ್ಯ ಆದ್ರೆ ಒಂದ್ಸಲ ಪ್ಲಾಂಟ್ ತೋರಿಸಿ ಅಂತ ಕೇಳಿ. ಸೇಫ್ಟಿ ಬೋರ್ಡು, ಘೋಷಣೆ ನೋಡಕ್ಕೆ ಹೋಗ್ಬೇಡಿ. ಸೇಫ್ಟಿ ಶವರ್ ಹತ್ರ ಹೋಗಿ, ಮುಂದೆ ಡ್ರಮ್ ಅಡ್ಡ ಇಟ್ಟಿದಾರಾ, ಎಳೆದ್ರೆ ನೀರು ಬರತ್ತಾ ನೋಡಿ. ವಾಲ್ವ್‌ಗಳ ಮೇಲೆ ಓದೋ ಥರ ಟ್ಯಾಗ್ ಇದ್ಯಾ? ಕಂಟ್ರೋಲ್ ರೂಮಲ್ಲಿ ಹತ್ತು ನಿಮಿಷ ನಿಂತು ಅಲಾರಂ ಎಷ್ಟು ಬರ್ತಿದೆ ಕೇಳಿಸ್ಕೊಳಿ. ಪ್ಲಾಂಟ್ ಶಾಂತವಾಗಿ ನಡೀತಿರೋವಾಗ ಹತ್ತು ನಿಮಿಷಕ್ಕೆ ಒಂದು ಅಲಾರಂ ಅನ್ನೋದು ಒಬ್ಬ ಆಪರೇಟರಿಗೆ ಒಪ್ಪೋ ಲೆಕ್ಕ, ಅಲ್ಲಿ ಒಂದೇ ಸಮ ಬಡ್ಕೊಂಡು ಯಾರೂ ತಲೆ ಎತ್ತದೇ ಅಕ್ನಾಲೆಡ್ಜ್ ಒತ್ತಿದ್ರೆ ಅದೇ ಉತ್ತರ. ಬೈಪಾಸ್ ಮಾಡಿದ ಇಂಟರ್‌ಲಾಕುಗಳಿಗೆ ರಿಜಿಸ್ಟರ್ ಇದ್ಯಾ ಅಂತ ಕೇಳಿ, ಪ್ರಶ್ನೆ ಕೇಳಿ ಅವರ ಮುಖ ಹೇಗಾಗತ್ತೆ ಅದೂ ಗಮನಿಸಿ. ಟ್ರೈನಿಂಗ್ ಎಷ್ಟು ದಿನ, ಯಾರ ಜೊತೆ, ಒಬ್ಬನೇ ನಿಲ್ಲೋಕೆ ಯಾರು ಸೈನ್ ಮಾಡ್ತಾರೆ ಅನ್ನೋದು ಬರವಣಿಗೇಲಿ ಇದ್ರೆ ಧೈರ್ಯವಾಗಿ ಸೇರಿ. ಮೊದಲ ವಾರದಲ್ಲೇ ಜನ ಇಲ್ಲ, ಇವತ್ತು ಈ ರಿಯಾಕ್ಟರ್ ನೀನೇ ನೋಡ್ಕೋ ಅಂತ ಬಿಟ್ರೆ, ನನಗೆ ಇನ್ನೂ ಸೈನ್ ಆಫ್ ಆಗಿಲ್ಲ ಸರ್, ಜೊತೇಲಿ ಒಬ್ರನ್ನ ಕೊಡಿ ಅಂತ ನೇರವಾಗಿ ಹೇಳಿ. ಅದಕ್ಕೆ ಬೈದ್ರೆ ಬೇರೆ ಕಡೆ ಅಪ್ಲೈ ಮಾಡೋಕೆ ಶುರು ಮಾಡಿ.